ಪದ್ಯ ಬಾಯಿಗೆ ಬರಬೇಕೆಂದರೆ ಪುಸ್ತಕ ಮುಚ್ಚಬೇಕು

ನಮ್ಮ ಬಡಾವಣೆಯ ರಾಜ್ಯೋತ್ಸವದಲ್ಲಿ ಒಮ್ಮೆ ಕುಮಾರವ್ಯಾಸ ಭಾರತದ ಮೊದಲ ಪದ್ಯ ಹೇಳಲು ಮೈಕ್ ಮುಂದೆ ನಿಂತಿದ್ದೆ. ಇರೋದು ಆರೇ ಸಾಲು. ಹಿಂದಿನ ಎರಡು ದಿನ ಪುಸ್ತಕ ಹಿಡಿದು ಐವತ್ತು ಸಲವಾದರೂ ಓದಿದ್ದೆ. ಮೂರು ಸಾಲು ಸಲೀಸಾಗಿ ಬಂತು. ‘ನಿಕರದಾತಾರ’ ಅಂದೆ, ನಿಂತೆ. ಮುಂದಿನದು ಮಾಯ. ಮತ್ತೆ ಮೊದಲಿಂದ ಶುರು ಮಾಡಿದೆ, ಮತ್ತೆ ಅದೇ ಜಾಗದಲ್ಲಿ ನಿಂತೆ. ಮುಂದಿನ ಸಾಲಿನಲ್ಲಿ ಕೂತಿದ್ದ ನಿವೃತ್ತ ಮೇಷ್ಟ್ರೊಬ್ಬರು ಮೆಲ್ಲಗೆ ‘ರಾ’ ಅಂದರು. ಬರೀ ಒಂದಕ್ಷರ. ತಕ್ಷಣ ‘ರಾವಣಾಸುರಮಥನ’ದಿಂದ ಕೊನೆಯವರೆಗೂ ತಾನಾಗಿ ಬಂತು.

ಮನೆಗೆ ಬಂದು ಯೋಚಿಸಿದೆ. ಪದ್ಯ ಪೂರ್ತಿ ತಲೆಯಲ್ಲೇ ಇತ್ತು. ಇಲ್ಲದಿದ್ದದ್ದು ಮೂರನೇ ಸಾಲಿನಿಂದ ನಾಲ್ಕನೇ ಸಾಲಿಗೆ ಹೋಗುವ ಕೊಂಡಿ ಮಾತ್ರ. ಪುಸ್ತಕ ನೋಡಿ ಓದುವಾಗ ಆ ಕೊಂಡಿಯನ್ನು ಕಣ್ಣು ಹಾಕಿಕೊಡುತ್ತದೆ. ಹಾಗಾಗಿ ಅದು ಇಲ್ಲ ಅನ್ನೋದೇ ಗೊತ್ತಾಗುವುದಿಲ್ಲ. ಆಮೇಲೆ ನಾನು ಬಾಯಿಪಾಠ ಮಾಡುವ ರೀತಿಯನ್ನೇ ಬದಲಾಯಿಸಿಕೊಂಡೆ. ಅದನ್ನೇ ಇಲ್ಲಿ ಹಂತ ಹಂತವಾಗಿ ಬರೆದಿದ್ದೇನೆ. ಶಾಲೆ ಬಿಟ್ಟು ಎಷ್ಟೋ ವರ್ಷ ಆದವರಿಗೂ ಇದು ಆಗುತ್ತದೆ. ಪರೀಕ್ಷೆಯ ‘ಪದ್ಯ ಪೂರ್ಣಗೊಳಿಸಿ’ ಪ್ರಶ್ನೆಗೆ ಓದುವ ಮಕ್ಕಳಿಗೂ ಆಗುತ್ತದೆ.

ಯಾವ ಪದ್ಯದಿಂದ ಶುರು ಮಾಡೋದು?

ಚಿಕ್ಕದರಿಂದ. ಮೊದಲ ವಾರ ಸರ್ವಜ್ಞನ ಒಂದು ತ್ರಿಪದಿ, ಆಮೇಲೆ ಒಂದು ವಚನ, ಆಮೇಲೆ ಒಂದು ಷಟ್ಪದಿ. ಈ ಮೂರನ್ನೇ ಹೇಳಲು ಕಾರಣ ಇದೆ. ಮೂರನ್ನೂ ನೆನಪಿನಲ್ಲಿ ಹಿಡಿಯುವ ಹಿಡಿಕೆ ಬೇರೆ ಬೇರೆ. ತ್ರಿಪದಿಗೆ ಪ್ರಾಸ, ವಚನಕ್ಕೆ ಅರ್ಥ, ಷಟ್ಪದಿಗೆ ಪ್ರಾಸದ ಜೊತೆಗೆ ತಾಳ. ಬಾಣಲೆ ಎತ್ತುವ ಮೊದಲು ಹಿಡಿ ಎಲ್ಲಿದೆ ಅಂತ ನೋಡುತ್ತೇವೆ, ಅಲ್ವಾ? ಪದ್ಯಕ್ಕೂ ಹಾಗೇ.

ಇಷ್ಟವಿಲ್ಲದ ಪದ್ಯ ಆರಿಸಬೇಡಿ. ‘ಇದು ಬಂದರೆ ನಾಲ್ಕು ಜನ ಮೆಚ್ಚುತ್ತಾರೆ’ ಅಂತ ಆರಿಸಿದ್ದು ನನಗಂತೂ ಒಂದೂ ಉಳಿದಿಲ್ಲ.

ಇನ್ನೊಂದು ಮಾತು. ಪಾಠ ಯಾವುದು ಅಂತ ಮೊದಲೇ ಗಟ್ಟಿ ಮಾಡಿಕೊಳ್ಳಿ. ಮೊಬೈಲ್‌ನಲ್ಲಿ ಹರಿದಾಡುವ ಪದ್ಯಗಳಲ್ಲಿ ಅಕ್ಷರ ಬಿಟ್ಟುಹೋಗಿರುತ್ತದೆ, ಸಾಲು ತಪ್ಪಿದ ಜಾಗದಲ್ಲಿ ಮುರಿದಿರುತ್ತದೆ. ಅಚ್ಚಾದ ಒಂದು ಒಳ್ಳೆಯ ಪುಸ್ತಕ ಇಟ್ಟುಕೊಂಡು, ಅದರಿಂದ ನಿಮ್ಮ ಕೈಯಲ್ಲೇ ಒಂದು ಹಾಳೆಗೆ ಬರೆದುಕೊಳ್ಳಿ. ಒಮ್ಮೆ ತಪ್ಪಾಗಿ ಬಾಯಿಗೆ ಬಂದದ್ದನ್ನು ಬಿಡಿಸೋದು ಹೊಸದಾಗಿ ಕಲಿಯುವುದಕ್ಕಿಂತ ಕಷ್ಟ.

ಪದ ಬಿಡಿಸಿ

ನಾನು ಎಡವಿದ ಆ ಪದ್ಯವನ್ನೇ ತೆಗೆದುಕೊಳ್ಳೋಣ.

ಶ್ರೀವನಿತೆಯರಸನೆ ವಿಮಲ ರಾ
ಜೀವಪೀಠನ ಪಿತನೆ ಜಗಕತಿ
ಪಾವನನೆ ಸನಕಾದಿ ಸಜ್ಜನನಿಕರದಾತಾರ
ರಾವಣಾಸುರಮಥನ ಶ್ರವಣಸು
ಧಾವಿನೂತನಕಥನಕಾರಣ
ಕಾವುದಾನತಜನವ ಗದುಗಿನ ವೀರನಾರಯಣ

ಅರ್ಥ ಗೊತ್ತಿಲ್ಲದೆ ಇದನ್ನು ಉರು ಹೊಡೆದರೆ ಇದು ಬರೀ ಸದ್ದು. ಬಿಡಿಸಿ ನೋಡಿದರೆ ಎಷ್ಟು ಸುಲಭ ನೋಡಿ. ಶ್ರೀವನಿತೆ ಅಂದರೆ ಲಕ್ಷ್ಮಿ, ಅವಳ ಅರಸ ವಿಷ್ಣು. ರಾಜೀವ ಅಂದರೆ ತಾವರೆ. ತಾವರೆಯೇ ಪೀಠವಾಗಿರುವವನು ಬ್ರಹ್ಮ, ಅವನ ಪಿತನೂ ವಿಷ್ಣುವೇ. ಜಗತ್ತಿಗೆ ಅತಿ ಪಾವನ. ಸನಕ ಮೊದಲಾದ ಸಜ್ಜನರ ಗುಂಪಿಗೆ ಕೊಡುವವನು. ರಾವಣನನ್ನು ಕೊಂದವನು. ಕಿವಿಗೆ ಅಮೃತದಂತಿರುವ ಹೊಸ ಕಥೆಗೆ ಕಾರಣನಾದವನು. ‘ಕಾವುದು ಆನತ ಜನವ’ ಅಂದರೆ ಬಾಗಿದ ಜನರನ್ನು ಕಾಪಾಡು. ಕೊನೆಗೆ ಯಾರನ್ನು ಕರೆಯುತ್ತಿದ್ದಾನೆ ಅನ್ನೋದು, ಗದುಗಿನ ವೀರನಾರಾಯಣ.

ಅಂದರೆ ಇಡೀ ಪದ್ಯ ಒಂದು ಕರೆ. ಗಂಡನೆ, ಅಪ್ಪನೆ, ಪಾವನನೆ, ಕೊಡುವವನೆ, ಕೊಂದವನೆ, ಕಥೆಗೆ ಕಾರಣನೆ, ಕಾಪಾಡು. ಈ ಅಸ್ಥಿಪಂಜರ ಒಂದು ಸಲ ಸಿಕ್ಕರೆ ಆರು ಸಾಲು ಆರು ಬೇರೆ ಬೇರೆ ಸಾಲಾಗಿ ಉಳಿಯುವುದಿಲ್ಲ. ಗೊತ್ತಿಲ್ಲದ ಪದಕ್ಕೆ ನಿಘಂಟು ನೋಡಿ, ಇಲ್ಲವೇ ಮನೆಯಲ್ಲಿರುವ ಹಿರಿಯರನ್ನು ಕೇಳಿ. ಅವರಿಗೂ ಖುಷಿಯಾಗುತ್ತದೆ.

ಕೈಯಲ್ಲಿ ತಟ್ಟಿ

ಇದು ಭಾಮಿನಿ ಷಟ್ಪದಿ. ಶಾಲೆಯಲ್ಲಿ ಪ್ರಸ್ತಾರ ಹಾಕಿದ್ದು ನೆನಪಿದೆಯಾ? ಲಘು ಅಕ್ಷರಕ್ಕೆ ಒಂದು ಮಾತ್ರೆ, ಗುರುವಿಗೆ ಎರಡು. ಒಂದು, ಎರಡು, ನಾಲ್ಕು, ಐದನೇ ಸಾಲಿನಲ್ಲಿ 14 ಮಾತ್ರೆ, ಮೂರು ನಾಲ್ಕು ಮೂರು ನಾಲ್ಕು ಅಂತ. ಮೂರನೇ ಮತ್ತು ಆರನೇ ಸಾಲು ಉದ್ದ. ಅದೇ ಮೂರು ನಾಲ್ಕು ಮೂರು ಸಲ ಬಂದು, ಕೊನೆಗೊಂದು ಗುರು. ಒಟ್ಟು 23. ಆಗ ಇದು ಅಂಕ ತೆಗೆಯುವ ಲೆಕ್ಕವಾಗಿತ್ತು. ಈಗ ನೆನಪಿಗೆ ಕಾವಲುಗಾರ.

ತೊಡೆಯ ಮೇಲೆ ತಟ್ಟುತ್ತಾ ಹೇಳಿ: ಶ್ರೀವ, ನಿತೆಯರ, ಸನೆವಿ, ಮಲರಾ. ಜೀವ, ಪೀಠನ, ಪಿತನೆ, ಜಗಕತಿ. ಪ್ರತಿ ತುಂಡಿಗೆ ಒಂದು ತಟ್ಟು. ನಾಲ್ಕು ತಟ್ಟು, ನಾಲ್ಕು ತಟ್ಟು, ಆಮೇಲೆ ಉದ್ದದ ಸಾಲಿಗೆ ಆರು ತಟ್ಟು ಮತ್ತು ಒಂದು ಎಳೆತ. ನೀವು ಒಂದು ಅಕ್ಷರ ನುಂಗಿದರೆ ತಟ್ಟು ತಪ್ಪುತ್ತದೆ, ಕೈಗೆ ತಕ್ಷಣ ಗೊತ್ತಾಗುತ್ತದೆ. ‘ಸನಕಾದಿ ಸಜ್ಜನನಿಕರ’ ಬದಲು ‘ಸನಕಾದಿ ಜನನಿಕರ’ ಅಂದು ನೋಡಿ. ಅರ್ಥ ಹೆಚ್ಚೂಕಡಿಮೆ ಅದೇ. ಆದರೆ ಎರಡು ಮಾತ್ರೆ ಕಡಿಮೆಯಾಗಿ ಕೈ ಮುಗ್ಗರಿಸುತ್ತದೆ.

ಪ್ರಾಸದ ಎಳೆ ಹಿಡಿಯಿರಿ

ಈಗ ಪ್ರತಿ ಸಾಲಿನ ಎರಡನೇ ಅಕ್ಷರ ನೋಡಿ. ಶ್ರೀವ, ಜೀವ, ಪಾವ, ರಾವ, ಧಾವಿ, ಕಾವು. ಆರು ಕಡೆಯೂ ‘ವ’ಕಾರ, ಅದರ ಹಿಂದೆ ದೀರ್ಘ. ಇದೇ ನಮ್ಮ ಆದಿಪ್ರಾಸ. ಹಳೆಯ ಕನ್ನಡ ಪದ್ಯಗಳಲ್ಲಿ ಪ್ರಾಸ ಸಾಲಿನ ಕೊನೆಯಲ್ಲಿ ಇರುವುದಕ್ಕಿಂತ ತಲೆಯಲ್ಲಿ ಇರೋದೇ ಜಾಸ್ತಿ. ನೆನಪಿಟ್ಟುಕೊಳ್ಳುವವನಿಗೆ ಇದರಿಂದ ದೊಡ್ಡ ಲಾಭ. ನಾವು ಸಿಕ್ಕಿಹಾಕಿಕೊಳ್ಳೋದು ಯಾವಾಗಲೂ ಹೊಸ ಸಾಲಿನ ಶುರುವಿನಲ್ಲಿ ತಾನೇ? ಸರಿಯಾಗಿ ಅಲ್ಲೇ ಕವಿ ಗುರುತು ಇಟ್ಟುಹೋಗಿದ್ದಾನೆ. ಆ ದಿನ ವೇದಿಕೆಯ ಮೇಲೆ ‘ಮುಂದಿನದು ಏನೋ -ಆವ’ ಅಂತ ಹುಡುಕಿದ್ದರೂ ‘ರಾವ’ ಸಿಗುತ್ತಿತ್ತು. ಮೇಷ್ಟ್ರು ಕೊಟ್ಟದ್ದು ಅದನ್ನೇ.

ಸರ್ವಜ್ಞನ ಈ ತ್ರಿಪದಿಯಲ್ಲಿ ಈ ಎಳೆ ಇನ್ನೂ ದಪ್ಪ.

ಸರ್ವಜ್ಞನೆಂಬುವನು ಗರ್ವದಿಂದಾದವನೆ
ಸರ್ವರೊಳಗೊಂದು ನುಡಿಗಲಿತು ವಿದ್ಯೆಯ
ಪರ್ವತವೆ ಆದ ಸರ್ವಜ್ಞ

ಸರ್ವ, ಗರ್ವ, ಸರ್ವ, ಪರ್ವ, ಸರ್ವ. ಈ ಐದನ್ನು ಮಾತ್ರ ಮೊದಲು ಬಾಯಿಗೆ ತಂದುಕೊಳ್ಳಿ. ಉಳಿದ ಮಾತು ಅದಕ್ಕೆ ಜೋತುಕೊಂಡು ಬರುತ್ತದೆ.

ನಾನು ಪ್ರತಿ ಪದ್ಯಕ್ಕೂ ಒಂದು ಚೀಟಿ ಮಾಡುತ್ತೇನೆ. ಬಸ್ ಟಿಕೆಟ್‌ನಷ್ಟು ಚಿಕ್ಕದು. ಅದರಲ್ಲಿ ‘ಶ್ರೀ ಜೀ ಪಾ ರಾ ಧಾ ಕಾ’ ಅಂತ ಇಷ್ಟೇ ಇರುತ್ತದೆ. ಮೊದಲ ಎರಡು ದಿನ ಚೀಟಿ ನೋಡಿ ಹೇಳೋದು, ಮೂರನೇ ದಿನ ಚೀಟಿ ಜೇಬಲ್ಲೇ ಇರೋದು.

ವಚನಕ್ಕೆ ಈ ಆಟ ನಡೆಯೋಲ್ಲ

ವಚನಕ್ಕೆ ಮಾತ್ರೆಯ ಲೆಕ್ಕ ಇಲ್ಲ, ಖಾಯಂ ಪ್ರಾಸವೂ ಇಲ್ಲ. ‘ಕಳಬೇಡ ಕೊಲಬೇಡ’ ಎಲ್ಲರಿಗೂ ಬರುತ್ತದೆ ಅಂತ ಎಲ್ಲರೂ ಅಂದುಕೊಂಡಿದ್ದಾರೆ. ಹೇಳಿ ಅಂದರೆ ಹತ್ತರಲ್ಲಿ ಎಂಟು ಜನ ಒಂದು ‘ಬೇಡ’ ಬಿಡುತ್ತಾರೆ. ನಾನು ಬಹಳ ದಿನ ‘ಅನ್ಯರಿಗೆ ಅಸಹ್ಯಪಡಬೇಡ’ ಬಿಟ್ಟೇ ಹೇಳುತ್ತಿದ್ದೆ. ಒಂದೇ ಥರದ ಮಾತು ಸಾಲಾಗಿ ಬಂದಾಗ ಹೀಗಾಗುತ್ತದೆ. ಯಾವುದು ಬಿಟ್ಟರೂ ಕಿವಿಗೆ ಕೊರತೆ ಗೊತ್ತಾಗೋಲ್ಲ.

ಇಲ್ಲಿ ಅರ್ಥದ ಏಣಿ ಕಟ್ಟಿಕೊಳ್ಳಬೇಕು. ಎಣಿಸಿ: ಮೊದಲ ಸಾಲಿನಲ್ಲಿ ಮೂರು ಬೇಡ, ಎರಡನೆಯದರಲ್ಲಿ ಎರಡು, ಮೂರನೆಯದರಲ್ಲಿ ಎರಡು. ಒಟ್ಟು ಏಳು. ಈಗ ಮೈಮೇಲೆ ಇಟ್ಟು ನೋಡಿ. ಕಳಬೇಡ, ಕೊಲಬೇಡ ಅನ್ನೋದು ಕೈಗೆ. ಹುಸಿಯ ನುಡಿಯಲು ಬೇಡ ಅನ್ನೋದು ಬಾಯಿಗೆ. ಮುನಿಯಬೇಡ, ಅನ್ಯರಿಗೆ ಅಸಹ್ಯಪಡಬೇಡ ಅನ್ನೋದು ಮನಸ್ಸಿಗೆ. ತನ್ನ ಬಣ್ಣಿಸಬೇಡ, ಇದಿರ ಹಳಿಯಲು ಬೇಡ ಅನ್ನೋದು ಮತ್ತೆ ಬಾಯಿಗೆ. ಒಂದು ನನ್ನ ಬಗ್ಗೆ, ಒಂದು ಎದುರಿಗಿರುವವರ ಬಗ್ಗೆ. ಕೈ, ಬಾಯಿ, ಮನಸ್ಸು, ಬಾಯಿ. ಆಮೇಲೆ ಅಂತರಂಗಶುದ್ಧಿ, ಬಹಿರಂಗಶುದ್ಧಿ. ಯಾವುದು ಮೊದಲು ಅಂತ ಗೊಂದಲವಾದರೆ, ಒಳಗಿನದು ಮೊದಲು ಅಂತ ಇಟ್ಟುಕೊಳ್ಳಿ. ಕೊನೆಗೆ ಕೂಡಲಸಂಗಮದೇವ. ಈ ಏಣಿ ಬಸವಣ್ಣನವರ ಮನಸ್ಸಿನಲ್ಲಿ ಇತ್ತು ಅಂತ ನಾನು ಹೇಳುತ್ತಿಲ್ಲ. ಇದು ನನ್ನ ನೆನಪಿಗೆ ನಾನು ಕಟ್ಟಿಕೊಂಡದ್ದು. ನೀವು ಬೇರೆ ಕಟ್ಟಿಕೊಳ್ಳಬಹುದು.

ಈಗ ಪುಸ್ತಕ ಮುಚ್ಚಿ

ಇದೇ ಮುಖ್ಯ, ಎಲ್ಲರೂ ತಪ್ಪಿಸಿಕೊಳ್ಳೋದೂ ಇದನ್ನೇ. ನೋಡಿ ಓದಿದಷ್ಟೂ ‘ಬಂತು ಬಂತು’ ಅನಿಸುತ್ತದೆ. ಅದು ಬಂದದ್ದಲ್ಲ, ಪರಿಚಯ ಆದದ್ದು ಅಷ್ಟೇ. ದಿನಾ ನೋಡುವ ಅಂಗಡಿಯವರ ಮುಖ ಗೊತ್ತು, ಹೆಸರು ಕೇಳಿದರೆ ಗೊತ್ತಿಲ್ಲ, ಹಾಗೆ.

2006ರಲ್ಲಿ ಅಮೆರಿಕದ ರೋಡಿಗರ್ ಮತ್ತು ಕಾರ್ಪಿಕೆ ಎಂಬ ಇಬ್ಬರು ಮನಶ್ಶಾಸ್ತ್ರಜ್ಞರು ಕಾಲೇಜು ವಿದ್ಯಾರ್ಥಿಗಳ ಮೇಲೆ ಇದನ್ನು ಪರೀಕ್ಷೆ ಮಾಡಿದ್ದರು. ಪಾಠ ಓದಿದ ಮೇಲೆ ಕೆಲವರು ಅದನ್ನೇ ಮತ್ತೆ ಓದಿದರು, ಕೆಲವರು ನೋಡದೆ ನೆನಪಿನಿಂದ ಬರೆದರು. ಐದು ನಿಮಿಷ ಬಿಟ್ಟು ಕೇಳಿದಾಗ ಮತ್ತೆ ಓದಿದವರದ್ದೇ ಮೇಲುಗೈ. ಒಂದು ವಾರ ಬಿಟ್ಟು ಕೇಳಿದಾಗ ಲೆಕ್ಕ ತಿರುಗಿತು, ನೆನಪಿನಿಂದ ಬರೆದವರು ಮುಂದಿದ್ದರು. ಐದು ನಿಮಿಷದ ಆ ಸುಳ್ಳು ಧೈರ್ಯವೇ ನನಗೆ ರಾಜ್ಯೋತ್ಸವದಲ್ಲಿ ಕೈಕೊಟ್ಟದ್ದು.

ಹಾಗಾಗಿ ಹೀಗೆ ಮಾಡಿ. ಎರಡು ಸಾಲು ಜೋರಾಗಿ ಮೂರು ಸಲ ಓದಿ. ಹಾಳೆ ಮಗುಚಿ ಇಡಿ. ಹೇಳಿ. ಸಿಕ್ಕಿಹಾಕಿಕೊಂಡರೆ ತಕ್ಷಣ ನೋಡಬೇಡಿ, ಹತ್ತರವರೆಗೆ ಎಣಿಸುವಷ್ಟು ಹೊತ್ತು ತಡಕಾಡಿ. ಆ ತಡಕಾಟ ಬೇಜಾರು, ಆದರೆ ಕೆಲಸ ಆಗೋದು ಅಲ್ಲೇ. ಆಮೇಲೂ ಬರದಿದ್ದರೆ ಒಂದು ಅಕ್ಷರ ಮಾತ್ರ ನೋಡಿ, ಮತ್ತೆ ಮಗುಚಿ.

ಎರಡೆರಡು ಸಾಲು ಬಂದ ಮೇಲೆ ಕೊಂಡಿಯ ಕೆಲಸ. ವೇದ ಕಲಿಸುವವರಲ್ಲಿ ಕ್ರಮಪಾಠ ಅಂತ ಒಂದು ಪದ್ಧತಿ ಇದೆ. ಪದಗಳನ್ನು ಒಂದು-ಎರಡು, ಎರಡು-ಮೂರು, ಮೂರು-ನಾಲ್ಕು ಅಂತ ಜೋಡಿ ಜೋಡಿಯಾಗಿ ಹೇಳೋದು. ಪ್ರತಿ ಪದವೂ ಹಿಂದಿನದಕ್ಕೂ ಮುಂದಿನದಕ್ಕೂ ಗಂಟು ಬೀಳುತ್ತದೆ. ನಾವು ಇದನ್ನು ಸಾಲುಗಳಿಗೆ ಮಾಡಿಕೊಳ್ಳಬಹುದು. ಒಂದು ಸಾಲಿನ ಬಾಲ, ಮುಂದಿನ ಸಾಲಿನ ತಲೆ, ಎರಡನ್ನು ಮಾತ್ರ ಸೇರಿಸಿ ಹೇಳಿ: ‘ನಿಕರದಾತಾರ, ರಾವಣಾಸುರ’. ‘ನಿಕರದಾತಾರ, ರಾವಣಾಸುರ’. ಹತ್ತು ಸಲ. ಇಲ್ಲಿ ಒಂದು ತಮಾಷೆ ಗಮನಿಸಿ: ‘ದಾತಾರ’ದ ಕೊನೆಯಲ್ಲಿ ‘ರ’, ‘ರಾವಣ’ದ ಮೊದಲಲ್ಲಿ ‘ರಾ’. ಕೊಂಡಿ ಪದ್ಯದಲ್ಲೇ ಇತ್ತು. ನಾನು ಐವತ್ತು ಸಲ ಓದಿಯೂ ನೋಡಿರಲಿಲ್ಲ.

ಉದ್ದದ ಪದ್ಯವಾದರೆ ಕೊನೆಯ ನುಡಿಯಿಂದ ಕಲಿಯಲು ಶುರು ಮಾಡಿ. ಕೊನೆಯದು ಮೊದಲು, ಆಮೇಲೆ ಅದರ ಹಿಂದಿನದು ಸೇರಿಸಿ ಕೊನೆಯವರೆಗೆ, ಹೀಗೆ ಹಿಂದಕ್ಕೆ ಬನ್ನಿ. ಮೊದಲಿಂದ ಕಲಿತರೆ ಮೊದಲ ನುಡಿ ನೂರು ಸಲ ಹೇಳಿರುತ್ತೇವೆ, ಕೊನೆಯದು ನಾಲ್ಕೇ ಸಲ. ಹಿಂದಿನಿಂದ ಕಲಿತರೆ ಮುಂದೆ ಹೋದಷ್ಟೂ ಗೊತ್ತಿರುವ ರಸ್ತೆ ಸಿಗುತ್ತಾ ಹೋಗುತ್ತದೆ.

ಒಂದೇ ಅಚ್ಚಿನ ಪದ್ಯಗಳನ್ನು ಒಂದೇ ದಿನ ಕಲಿಯಬೇಡಿ. ಡಿ.ವಿ.ಜಿ. ಅವರ ಮಂಕುತಿಮ್ಮನ ಕಗ್ಗದಲ್ಲಿ 945 ಪದ್ಯಗಳಿವೆ. ಎಲ್ಲವೂ ನಾಲ್ಕು ಸಾಲು, ಮುಗಿಯುವುದೂ ಒಂದೇ ಅಂಕಿತದಲ್ಲಿ. ಉತ್ಸಾಹದಲ್ಲಿ ದಿನಕ್ಕೆ ಮೂರು ಅಂತ ಹೊರಟವರ ತಲೆಯಲ್ಲಿ ಒಂದರ ಎರಡನೇ ಸಾಲು ಇನ್ನೊಂದರ ಮೂರನೇ ಸಾಲಿಗೆ ಅಂಟಿಕೊಳ್ಳುತ್ತದೆ. ವಾರಕ್ಕೆ ಒಂದು ಸಾಕು. ಆತುರ ಏನಿದೆ?

ಯಾವಾಗ, ಎಲ್ಲಿ

ಒಂದೇ ದಿನ ಒಂದು ಗಂಟೆ ಕೂರುವುದಕ್ಕಿಂತ ಆರು ದಿನ ಹತ್ತು ಹತ್ತು ನಿಮಿಷ ಒಳ್ಳೆಯದು. ರಾತ್ರಿ ಮಲಗುವ ಮುಂಚೆ ಒಮ್ಮೆ, ಬೆಳಿಗ್ಗೆ ಎದ್ದು ಹಾಳೆ ನೋಡದೆ ಒಮ್ಮೆ. ಆಮೇಲೆ ಮೂರನೇ ದಿನ, ವಾರಕ್ಕೆ, ತಿಂಗಳಿಗೆ. ಸ್ವಲ್ಪ ಮರೆಯಲು ಬಿಟ್ಟು ಮತ್ತೆ ಎಳೆದು ತರಬೇಕು.

ಜಾಗ ಬದಲಾಯಿಸಿ. ಒಂದೇ ಕುರ್ಚಿಯಲ್ಲಿ ಕೂತು ಕಲಿತದ್ದು ಆ ಕುರ್ಚಿಗೇ ಅಂಟಿಕೊಂಡಿರುತ್ತದೆ. ನಮ್ಮ ಸೋದರತ್ತೆ ಅವರೆಕಾಯಿ ಸುಲಿಯುತ್ತಾ ಪದ್ಯ ಹೇಳುತ್ತಿದ್ದರು. ಕೈ ತನ್ನ ಪಾಡಿಗೆ ಸೊಗಡಿನ ಕಾಯಿ ಬಿಡಿಸುತ್ತಿತ್ತು, ಒಂದು ನುಡಿ ಮುಗಿದಾಗ ಮೊರದಿಂದ ಹುಳುಕು ಕಾಳು ಎತ್ತಿ ಎಸೆಯುತ್ತಿದ್ದರು, ಮುಂದಿನ ನುಡಿ. ಓದಿದ್ದು ನಾಲ್ಕನೇ ಕ್ಲಾಸು, ಪುಸ್ತಕ ಹಿಡಿದದ್ದನ್ನು ನಾನು ನೋಡಿಲ್ಲ. ಕೈಗೆ ಕೆಲಸ ಇದ್ದು ಬಾಯಿ ಖಾಲಿ ಇರುವ ಹೊತ್ತು ನಮಗೂ ಬೇಕಾದಷ್ಟು ಸಿಗುತ್ತದೆ: ಪಾತ್ರೆ ತೊಳೆಯುವಾಗ, ಸಿಗ್ನಲ್‌ನಲ್ಲಿ ನಿಂತಾಗ, ವಾಕಿಂಗ್‌ನಲ್ಲಿ. ಹೆಲ್ಮೆಟ್ ಒಳಗೆ ಜೋರಾಗಿ ಹೇಳಿದರೂ ಯಾರಿಗೂ ಕೇಳಿಸೋಲ್ಲ.

ರಾಗ ಹಾಕಿ ಕಲಿಯಬೇಕಾ ಅಂತ ಕೆಲವರು ಕೇಳುತ್ತಾರೆ. ರಾಗ ಒಳ್ಳೆಯ ಊರುಗೋಲು. ಆದರೆ ಅದನ್ನು ಕಿತ್ತುಕೊಂಡರೆ ಬೀಳುವ ಭಯ. ನಾಡಗೀತೆಯನ್ನು ರಾಗವಿಲ್ಲದೆ, ಸುಮ್ನೆ ಮಾತಿನ ಹಾಗೆ ಕೊನೆಯವರೆಗೂ ಹೇಳಿ ನೋಡಿ. ಹೆಸರುಗಳು ಬರುವ ಸಾಲಿನಲ್ಲಿ ಯಾರ ಹಿಂದೆ ಯಾರು ಅಂತ ತಡವರಿಸುತ್ತೀರಿ. ಹಾಗಾಗಿ ರಾಗದಲ್ಲಿ ಕಲಿತದ್ದನ್ನು ಒಮ್ಮೆಯಾದರೂ ಮಾತಿನಲ್ಲಿ ಹೇಳಿ ಗಟ್ಟಿ ಮಾಡಿಕೊಳ್ಳಿ.

ಮಕ್ಕಳಿಗೆ ಇಷ್ಟೆಲ್ಲ ಶಾಸ್ತ್ರ ಬೇಡ. ನೀವೊಂದು ಸಾಲು, ಮಗು ಒಂದು ಸಾಲು, ಆಮೇಲೆ ಅದಲುಬದಲು. ನೀವು ಬೇಕಂತಲೇ ಒಂದು ಪದ ತಪ್ಪು ಹೇಳಿ, ಅವರು ಹಿಡಿದು ಕುಣಿಯುತ್ತಾರೆ. ಹೊರದೇಶದಲ್ಲಿ ಬೆಳೆಯುವ, ಕನ್ನಡ ಓದಲು ಬರದ ಮಕ್ಕಳಿಗೆ ಇಂಗ್ಲಿಷ್ ಅಕ್ಷರದಲ್ಲಿ ಬರೆದು ಕೊಡುವ ಅಭ್ಯಾಸ ಇದೆ. ಅದರಲ್ಲಿ ‘ಲ’ ‘ಳ’ ಒಂದಾಗುತ್ತದೆ, ‘ಅ’ ‘ಆ’ ಒಂದಾಗುತ್ತದೆ. ನಿಮ್ಮ ದನಿಯಲ್ಲಿ ರೆಕಾರ್ಡ್ ಮಾಡಿ ಕೊಡಿ. ಕಿವಿಯಿಂದ ಕಲಿತದ್ದು ಸ್ಪಷ್ಟವಾಗಿರುತ್ತದೆ.

ನಾಲ್ಕು ಜನರ ಮುಂದೆ

ನೆನಪಿಡುವಾಗ ಸಾಲು ಸಾಲಾಗಿ ಮುರಿದಿರಿ. ಹೇಳುವಾಗ ಹಾಗೆ ಮುರಿಯಬಾರದು. ಷಟ್ಪದಿಯಲ್ಲಿ ಪದ ಅರ್ಧಕ್ಕೇ ಸಾಲು ಮುಗಿಯುತ್ತದೆ. ‘ವಿಮಲ ರಾ’ ಅಂತ ನಿಲ್ಲಿಸಿ ಉಸಿರು ತೆಗೆದುಕೊಂಡರೆ ಕೇಳುವವರಿಗೆ ಏನೂ ಅರ್ಥವಾಗೋಲ್ಲ. ‘ಶ್ರೀವನಿತೆಯರಸನೆ’ ಒಂದು ನಿಲುಗಡೆ. ‘ವಿಮಲ ರಾಜೀವಪೀಠನ ಪಿತನೆ’ ಇನ್ನೊಂದು. ‘ಜಗಕತಿಪಾವನನೆ’ ಮತ್ತೊಂದು. ‘ಶ್ರವಣಸುಧಾ’ ಒಡೆಯಬಾರದು. ಹಾಳೆಯ ಮೇಲೆ ಉಸಿರಿನ ಜಾಗಕ್ಕೆ ಪೆನ್ಸಿಲ್ಲಿನಲ್ಲಿ ಗೀಟು ಹಾಕಿ, ಕೊನೆಯ ಎರಡು ದಿನ ಆ ಗೀಟಿನ ಪ್ರಕಾರವೇ ಹೇಳಿ.

ಇದನ್ನು ಕಲಿಯಲು ಗಮಕ ಕೇಳಿ. ಗಮಕಿ ಪದ್ಯ ವಾಚನ ಮಾಡುತ್ತಾರೆ, ಪಕ್ಕದಲ್ಲಿ ವ್ಯಾಖ್ಯಾನಕಾರರು ಅರ್ಥ ಹೇಳುತ್ತಾರೆ. ಶಿವಮೊಗ್ಗದ ಹತ್ತಿರದ ಹೊಸಹಳ್ಳಿ ಇದಕ್ಕೆ ಹೆಸರಾದ ಊರು. ಅಲ್ಲಿನ ಗಮಕಿ ಎಚ್.ಆರ್. ಕೇಶವಮೂರ್ತಿ ಅವರಿಗೆ 2022ರಲ್ಲಿ ಪದ್ಮಶ್ರೀ ಬಂತು. ಗಮಕಿಗಳು ಪದವನ್ನು ಎಲ್ಲಿ ಕೂಡಿಸುತ್ತಾರೆ, ಎಲ್ಲಿ ಬಿಡಿಸುತ್ತಾರೆ ಅಂತ ಕಿವಿಗೊಟ್ಟು ಕೇಳಿದರೆ ಅರ್ಧ ಅರ್ಥ ಅಲ್ಲೇ ಸಿಗುತ್ತದೆ. ಅಂದ ಹಾಗೆ, ಎಷ್ಟೋ ಗಮಕಿಗಳ ಮುಂದೆ ಪುಸ್ತಕ ತೆರೆದೇ ಇರುತ್ತದೆ. ಮುಂದೆ ಹಾಳೆ ಇಟ್ಟುಕೊಳ್ಳೋದು ನಾಚಿಕೆಯ ವಿಷಯ ಅಲ್ಲ.

ಸಣ್ಣ ಸಣ್ಣ ಸಂಗತಿ ಕೆಲವು. ನಿಮಗೆ ಸಹಜ ಅನಿಸುವುದಕ್ಕಿಂತ ನಿಧಾನವಾಗಿ ಹೇಳಿ, ಭಯದಲ್ಲಿ ವೇಗ ತಾನಾಗಿ ಹೆಚ್ಚುತ್ತದೆ. ತಗ್ಗಿದ ದನಿಯಲ್ಲಿ ಶುರು ಮಾಡಿ. ‘ಹ’ಕಾರ ನುಂಗುವ ಅಭ್ಯಾಸ ಇದ್ದರೆ ಒಂದು ದಿನ ಅದಕ್ಕೇ ಮೀಸಲಿಡಿ, ‘ಆರ್ದಿಕ ಸ್ವಾಗತ’ ಕೇಳಿ ಮುಸಿಮುಸಿ ನಗುವವರು ಎಲ್ಲ ಸಭೆಯಲ್ಲೂ ಇರುತ್ತಾರೆ. ಮನೆಯವರೊಬ್ಬರ ಕೈಗೆ ಹಾಳೆ ಕೊಟ್ಟು ಮುಂದೆ ಕೂರಿಸಿ.

ಮರೆತರೆ? ಮೊದಲಿಗೆ ಹಿಂತಿರುಗಬೇಡಿ, ನನ್ನ ಹಾಗೆ. ಬಿದ್ದ ಗುಂಡಿಗೇ ಮತ್ತೆ ಬೀಳುತ್ತೀರಿ. ಈಗ ಹೇಳಿದ ಸಾಲನ್ನೇ ಇನ್ನೊಮ್ಮೆ ಹೇಳಿ. ವಾಚನದಲ್ಲಿ ಸಾಲು ಮರುಕಳಿಸೋದು ಮಾಮೂಲಿ, ಕೇಳುವವರಿಗೆ ಒತ್ತು ಕೊಟ್ಟಂತೆ ಅನಿಸುತ್ತದೆ. ಅಷ್ಟರಲ್ಲಿ ಪ್ರಾಸದ ಅಕ್ಷರ ಹುಡುಕಿ. ಆಗಲೂ ಬರಲಿಲ್ಲವಾ, ಬರುವ ಸಾಲಿಗೆ ಹಾರಿ. ಒಂದು ಸಾಲು ತಪ್ಪಿದ್ದು ಪದ್ಯ ಗೊತ್ತಿದ್ದ ಒಬ್ಬಿಬ್ಬರಿಗೆ ಮಾತ್ರ ತಿಳಿಯುತ್ತದೆ, ಅವರು ಸಾಮಾನ್ಯವಾಗಿ ಒಳ್ಳೆಯವರು.

ಕಲಿತದ್ದನ್ನು ಉಳಿಸಿಕೊಳ್ಳಲು ನನ್ನದೊಂದು ಪದ್ಧತಿ ಇದೆ. ಭಾನುವಾರ ಮಹಡಿಯ ಮೇಲೆ ಬಟ್ಟೆ ಒಣಹಾಕುವಾಗ ಇರುವ ಪದ್ಯಗಳೆಲ್ಲ ಒಂದು ಸುತ್ತು. ನಡುವೆ ಪಕ್ಕದ ಮನೆಯವರು ಬಂದರೆ ನಿಲ್ಲಿಸಿ ಮಾತಾಡುತ್ತೇನೆ, ನೀರು ಬಂತಾ, ಮಗಳ ಪರೀಕ್ಷೆ ಮುಗೀತಾ ಅಂತ. ಅವರು ಹೋದ ಮೇಲೆ, ನಿಲ್ಲಿಸಿದ ಪದದಿಂದಲೇ ಮುಂದುವರಿಸಲು ಬಂದರೆ ಆ ಪದ್ಯ ಗಟ್ಟಿ ಅಂತ ಲೆಕ್ಕ. ಮತ್ತೆ ಮೊದಲಿಂದ ಹೇಳಬೇಕಾಗಿ ಬಂದರೆ, ಆ ವಾರ ಅದರ ಚೀಟಿ ಮತ್ತೆ ಜೇಬಿಗೆ.